ಎಂಟು ವಚನಗಳ ಒಂದು ವಾರ

ಯಹೂದಿ ಪಂಚಾಂಗದ ತಿಶ್ರಿ ತಿಂಗಳು ಮುಗಿದು ಹೆಶ್ವಾನ್ ಆರಂಭವಾಯಿತೆಂದರೆ ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಒಮ್ಮೆ ನಿಟ್ಟುಸಿರು ಬಿಡುತ್ತಾರೆ. ತಿಶ್ರಿಯಲ್ಲಿ ಹೊಸವರ್ಷದ ರೋಷ್ ಹಶಾನಾ, ಉಪವಾಸದ ಯೋಮ್ ಕಿಪ್ಪುರ್, ಏಳು ದಿನಗಳ ಸುಕ್ಕೋತ್, ಅದರ ಬೆನ್ನಿಗೇ ಶೆಮಿನಿ ಅತ್ಸೆರೆತ್ ಮತ್ತು ಸಿಮ್ಹತ್ ತೋರಾ ಸಾಲಾಗಿ ಬರುವುದರಿಂದ, ಸೆಪ್ಟೆಂಬರಿನಲ್ಲಿ ಶಾಲೆ ತೆರೆದರೂ ಒಂದು ಪೂರ್ಣ ವಾರ ಪಾಠ ನಡೆಯುವುದೇ ಅಪರೂಪ. ಹೆಶ್ವಾನಿನಲ್ಲಿ ನಮ್ಮ ಶಾಲೆ ಆಚರಿಸುವ ಹಬ್ಬ ಒಂದೂ ಇಲ್ಲ. ಮಕ್ಕಳಿಗೆ ಅದು ಸಪ್ಪೆ ತಿಂಗಳು. ಕಲಿಸುವವರಿಗೆ ಮಾತ್ರ ಪಾಠ ಹದಕ್ಕೆ ಬರುವ ಕಾಲ. ನಾನು ಇಲ್ಲಿ ಬರೆಯುತ್ತಿರುವುದು ಅಂಥದೊಂದು ವಾರದ ಅನುಭವವನ್ನು.

ನಾನು ಪುತ್ತೂರಿನ ಕಡೆಯವಳು. ಮಂಗಳೂರಿನಲ್ಲಿ ಬಿ.ಎಡ್. ಮುಗಿಸಿ, ಮದುವೆಯಾದ ಮೇಲೆ ಅಮೆರಿಕದ ನ್ಯೂಜೆರ್ಸಿಗೆ ಬಂದು, ಇಲ್ಲಿನ ಬರ್ಗನ್ ಕೌಂಟಿಯ ಯಹೂದಿ ಪ್ರಾಥಮಿಕ ಶಾಲೆಯೊಂದರ ಮೂರನೇ ತರಗತಿಗೆ ಸಹಾಯಕ ಶಿಕ್ಷಕಿಯಾಗಿ ಸೇರಿಕೊಂಡೆ. ಈ ಶಾಲೆಯಲ್ಲಿ ಪ್ರತಿಯೊಂದು ದಿನವೂ ಎರಡು ಶಾಲೆಗಳ ಕೆಲಸವನ್ನು ಹೊತ್ತಿರುತ್ತದೆ: ಬೆಳಿಗ್ಗೆ ಪ್ರಾರ್ಥನೆ, ಹೀಬ್ರೂ ಭಾಷೆ ಮತ್ತು ಧರ್ಮಗ್ರಂಥದ ಪಾಠ, ಮಧ್ಯಾಹ್ನದ ಮೇಲೆ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ. ಮಧ್ಯಾಹ್ನ ನಾನು ಕಲಿಸುವವಳು. ಬೆಳಿಗ್ಗೆ ಓದಿನಲ್ಲಿ ಹಿಂದುಳಿದ ಒಬ್ಬಿಬ್ಬರು ಮಕ್ಕಳ ಪಕ್ಕದಲ್ಲಿ ಕುಳಿತು ಅವರೊಂದಿಗೆ ನಾನೂ ಕಲಿಯುವವಳು. ಬೆಳಗಿನ ಶಿಕ್ಷಕಿಯನ್ನು ಮಕ್ಕಳೆಲ್ಲರೂ ಮೋರಾ ಎಂದು ಕರೆಯುತ್ತಾರೆ. ಹೀಬ್ರೂವಿನಲ್ಲಿ ಶಿಕ್ಷಕಿಯನ್ನು ಕರೆಯುವುದೇ ಹಾಗೆ, ಆದ್ದರಿಂದ ನಾನೂ ಅವರನ್ನು ಹಾಗೆಯೇ ಕರೆಯುತ್ತೇನೆ.

ಧರ್ಮಗ್ರಂಥವಾದ ತೋರಾವನ್ನು 54 ಭಾಗಗಳಾಗಿ ಮಾಡಿ, ವಾರಕ್ಕೊಂದರಂತೆ ಓದುತ್ತ ವರ್ಷದೊಳಗೆ ಮುಗಿಸಿ, ಸಿಮ್ಹತ್ ತೋರಾದ ದಿನ ಮತ್ತೆ ಮೊದಲಿನಿಂದ ಆರಂಭಿಸುವುದು ಯಹೂದಿಗಳ ಪದ್ಧತಿ. ಈ ಭಾಗಕ್ಕೆ ಪರಶಾ ಎನ್ನುತ್ತಾರೆ. ತರಗತಿಯಲ್ಲಿ ಮೂಲವನ್ನು ಅಕ್ಷರಶಃ ಬಿಡಿಸಿ ಓದುವ ಪಾಠ ಇದಕ್ಕಿಂತ ಬಹಳ ನಿಧಾನವಾಗಿ ಸಾಗುವುದರಿಂದ, ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಓದುವ ಪರಶಾ ಒಂದು ಕಡೆಗಿದ್ದರೆ ಮಕ್ಕಳ ಪಾಠ ಇನ್ನೆಲ್ಲಿಯೋ ಇರುತ್ತದೆ. ಆ ವಾರ ಮಾತ್ರ ಎರಡೂ ಕೂಡಿಬಂದಿದ್ದವು. ಪರಶಾದ ಹೆಸರು ವಯೇರಾ. ಪಾಠ ತೋರಾದ ಮೊದಲ ಪುಸ್ತಕವಾದ ಆದಿಕಾಂಡದ 18ನೇ ಅಧ್ಯಾಯದ ಮೊದಲ ಎಂಟು ವಚನಗಳು. ಯಹೂದಿಗಳ ಮೂಲಪುರುಷ ಅಬ್ರಹಾಮ ಬಿಸಿಲು ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದಾನೆ, ಕಣ್ಣೆತ್ತಿ ನೋಡಿದರೆ ಮೂವರು ನಿಂತಿದ್ದಾರೆ, ಓಡಿಹೋಗಿ ಅವರನ್ನು ಕರೆತಂದು ಊಟಕ್ಕಿಡುತ್ತಾನೆ. ಕಥೆ ಇಷ್ಟೇ. ಇಷ್ಟಕ್ಕೆ ಒಂದು ವಾರವೇ ಎಂದು ನನಗೆ ಮೊದಲು ಅನ್ನಿಸಿತ್ತು.

ಸೋಮವಾರ ಬೆಳಿಗ್ಗೆ ಎಂದಿನಂತೆ ಪ್ರಾರ್ಥನೆಯಿಂದ ಆರಂಭವಾಯಿತು. ಮಕ್ಕಳು ಸರದಿಯ ಮೇಲೆ ಮುಂದೆ ನಿಂತು ಹೇಳಿಸುತ್ತಾರೆ, ಉಳಿದವರು ರಾಗವಾಗಿ ಹೇಳುತ್ತಾರೆ. ದೇವರೊಬ್ಬನೇ ಎಂದು ಸಾರುವ ಶೆಮಾ ಬಂದಾಗ ಎಲ್ಲರೂ ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಎಂಟು ವರ್ಷದ ಮಕ್ಕಳಿಗೆ ದಿನವೂ ಇಷ್ಟು ಉದ್ದದ ಪ್ರಾರ್ಥನೆ ಹೆಚ್ಚೆಂದೇ ನನ್ನ ಅಭಿಪ್ರಾಯ. ಕೆಲವರ ತುಟಿ ಮಾತ್ರ ಅಲುಗಾಡುತ್ತಿರುತ್ತದೆ, ಕೆಲವರು ಕಣ್ಣು ಮುಚ್ಚಿದ ಬೆರಳುಗಳ ಸಂದಿಯಿಂದ ಪಕ್ಕದವರನ್ನು ನೋಡುತ್ತಿರುತ್ತಾರೆ. ಮೋರಾ ಇದನ್ನು ಕಂಡೂ ಕಾಣದಂತೆ ಇರುತ್ತಾರೆ.

ಪ್ರಾರ್ಥನೆಯ ನಂತರ ಹುಮಾಶ್, ಎಂದರೆ ಪುಸ್ತಕ ರೂಪದ ತೋರಾ, ತೆರೆಯಿತು. ಹೀಬ್ರೂವಿನ 22 ಅಕ್ಷರಗಳೂ ವ್ಯಂಜನಗಳು. ಸ್ವರವನ್ನು ಅಕ್ಷರದ ಕೆಳಗೆ, ಮೇಲೆ, ಒಡಲಲ್ಲಿ ಚುಕ್ಕೆ ಮತ್ತು ಗೆರೆಗಳಿಂದ ತೋರಿಸುತ್ತಾರೆ. ನಮ್ಮ ಕಾಗುಣಿತವನ್ನು ಬಾಯಿಪಾಠ ಮಾಡಿದ ನನಗೆ ಈ ವ್ಯವಸ್ಥೆ ಬೇಗ ಒಗ್ಗಿತು. ಆದರೆ ಸಿನಗಾಗ್‌ನಲ್ಲಿ ಓದುವ ಚರ್ಮದ ಸುರುಳಿಯಲ್ಲಿ ಈ ಚುಕ್ಕೆಗಳೇ ಇರುವುದಿಲ್ಲ, ಅದನ್ನು ಓದುವವರು ಸ್ವರಗಳನ್ನು ಮೊದಲೇ ಕಲಿತುಕೊಂಡು ಹೋಗಬೇಕು. ಮಕ್ಕಳು ಮೊದಲು ವಚನವನ್ನು ಒಟ್ಟಾಗಿ ರಾಗ ಎಳೆದು ಓದಿದರು. ಆಮೇಲೆ ಬಣ್ಣದ ಪೆನ್ಸಿಲ್‌ಗಳು ಹೊರಬಂದವು. ಪದದ ಮುಂದೆ ಸೇರಿಕೊಂಡ ಅಕ್ಷರಗಳಿಗೆ ಹಳದಿ, ಹಿಂದೆ ಸೇರಿಕೊಂಡವಕ್ಕೆ ನೀಲಿ, ನಡುವೆ ಉಳಿಯುವ ಧಾತುವಿನ ಸುತ್ತ ಒಂದು ವೃತ್ತ. ಧಾತು ಸಾಮಾನ್ಯವಾಗಿ ಮೂರಕ್ಷರದ್ದು. ಹೀಗೆ ಬಿಡಿಸಿದರೆ, ಹಿಂದೆ ಕಂಡರಿಯದ ಪದದ ಅರ್ಥವನ್ನೂ ಮಗುವೇ ಊಹಿಸಬಲ್ಲದು. ಅರ್ಥವನ್ನು ಮೋರಾ ಮೊದಲು ಹೇಳುವುದೇ ಇಲ್ಲ. ಇಬ್ಬಿಬ್ಬರನ್ನು ಜೋಡಿಯಾಗಿ ಕೂರಿಸುತ್ತಾರೆ, ಅವರು ಗಟ್ಟಿಯಾಗಿ ಓದಿ, ಗಟ್ಟಿಯಾಗಿಯೇ ವಾದಿಸಬೇಕು. ಹವ್ರುತಾ ಎಂಬ ಈ ಜೋಡಿ ಓದು ದೊಡ್ಡವರ ಧರ್ಮಪಾಠಶಾಲೆಗಳಾದ ಯೆಶಿವಾಗಳಿಂದ ಬಂದ ಪದ್ಧತಿ. ಮೌನವಾಗಿದ್ದರೆ ಮಾತ್ರ ತರಗತಿ ಶಿಸ್ತಿನಲ್ಲಿದೆ ಎಂದು ನಂಬಿ ಬೆಳೆದ ನನಗೆ ಆ ಗದ್ದಲವನ್ನು ಪಾಠವೆಂದು ಒಪ್ಪಿಕೊಳ್ಳಲು ಕೆಲವು ತಿಂಗಳುಗಳೇ ಹಿಡಿದಿದ್ದವು.

ಅಂದು ಮೋರಾ ಕೊಟ್ಟ ಕೆಲಸ ಒಂದೇ: ಎಂಟು ವಚನಗಳಲ್ಲಿ ಅವಸರವನ್ನು ಹೇಳುವ ಪದಗಳನ್ನು ಹುಡುಕಿ. ನನ್ನ ಪಕ್ಕದ ಹುಡುಗ ಅಕ್ಷರ ಕೂಡಿಸುವುದರಲ್ಲಿ ಸೋಲುವವನಾದರೂ ಧಾತುವಿನ ಆಕಾರವನ್ನು ಚಿತ್ರದಂತೆ ಗುರುತಿಸಬಲ್ಲ. ಬೆರಳಿಟ್ಟುಕೊಂಡು ಬಲದಿಂದ ಎಡಕ್ಕೆ ಹೋಗುತ್ತ, ‘ಓಡಿದ’ ಎಂಬುದಕ್ಕೆ ಎರಡು ಕಡೆ, ‘ಅವಸರಿಸು’ ಎಂಬ ಧಾತುವಿಗೆ ಮೂರು ಕಡೆ ವೃತ್ತ ಹಾಕಿ, ಒಟ್ಟು ಐದು ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ. ಅಬ್ರಹಾಮ ಅತಿಥಿಗಳತ್ತ ಓಡುತ್ತಾನೆ, ಗುಡಾರಕ್ಕೆ ಅವಸರದಿಂದ ಹೋಗುತ್ತಾನೆ, ಬೇಗ ಹಿಟ್ಟು ಕಲಸೆಂದು ಹೆಂಡತಿ ಸಾರಾಳಿಗೆ ಹೇಳುತ್ತಾನೆ, ದನಗಳತ್ತ ಓಡುತ್ತಾನೆ, ಅಡುಗೆ ಮಾಡುವ ಆಳೂ ಅವಸರಿಸುತ್ತಾನೆ. ಪದಗಳೆಲ್ಲ ಹಲಗೆಯ ಮೇಲೆ ಬಂದ ಮೇಲೆ ಮೋರಾ, “ಈಗ ನಿಮ್ಮ ಪ್ರಶ್ನೆಗಳು?” ಎಂದರು. ಪ್ರಶ್ನೆಗಳಿಗೇ ಬೇರೆ ಬಣ್ಣದ ಚೀಟಿಗಳಿವೆ. ವಾರದ ಕೊನೆಗೆ ಮಗು ಎಷ್ಟು ಉತ್ತರ ಹೇಳಿತೆಂದು ಯಾರೂ ನೋಡುವುದಿಲ್ಲ, ಅದರ ಚೀಟಿಗಳನ್ನು ಓದುತ್ತಾರೆ. ಆ ದಿನ ಗೋಡೆಗೆ ಹತ್ತಿದ ಮೊದಲ ಚೀಟಿಯಲ್ಲಿ, ಹಿಂದಿನ ಅಧ್ಯಾಯದಲ್ಲಿ ಅಬ್ರಹಾಮನಿಗೆ 99 ವರ್ಷವೆಂದು ಹೇಳಿದೆಯಲ್ಲ, ಅಷ್ಟು ವಯಸ್ಸಾದವರು ಓಡುವುದು ಹೇಗೆ ಎಂದಿತ್ತು.

ತಿಂಡಿಯ ಹೊತ್ತಿನಲ್ಲಿಯೂ ಪಾಠ ನಿಲ್ಲುವುದಿಲ್ಲ. ಏನನ್ನು ತಿನ್ನುವ ಮೊದಲೂ ಅದಕ್ಕೆ ತಕ್ಕ ಬ್ರಖಾ, ಎಂದರೆ ಸ್ತುತಿವಾಕ್ಯ, ಹೇಳಬೇಕು. ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಇನ್ನೊಂದು, ರೊಟ್ಟಿಗೆ, ದ್ರಾಕ್ಷಾರಸಕ್ಕೆ ಬೇರೆ ಬೇರೆ. ಅಂದು ಒಬ್ಬಳು ಬಾಳೆಹಣ್ಣು ಸುಲಿದು ಮರದ ಹಣ್ಣಿನ ಬ್ರಖಾ ಹೇಳಲು ಹೊರಟಾಗ ಪಕ್ಕದವಳು ತಡೆದಳು: ಬಾಳೆಗೆ ನೆಲದ ಬೆಳೆಯದ್ದೇ ಹೇಳಬೇಕು. ಯಾಕೆಂದು ಇಬ್ಬರಿಗೂ ತಿಳಿದಿರಲಿಲ್ಲ. ಅಂಗಡಿಯ ಹಣ್ಣನ್ನಲ್ಲದೆ ಬಾಳೆಯ ಗಿಡವನ್ನು ಆ ತರಗತಿಯಲ್ಲಿ ಯಾರೂ ಹತ್ತಿರದಿಂದ ಕಂಡವರಲ್ಲ. ಕಾಂಡ ವರ್ಷದಿಂದ ವರ್ಷಕ್ಕೆ ಉಳಿದು ಮತ್ತೆ ಫಲ ಕೊಡುವುದನ್ನಷ್ಟೇ ಅವರ ಧರ್ಮಶಾಸ್ತ್ರ ಮರವೆಂದು ಒಪ್ಪುತ್ತದೆ ಎಂದು ಮೋರಾ ವಿವರಿಸಿ, ಮುಂದಿನದನ್ನು ನನಗೆ ಬಿಟ್ಟರು. ನಾನು ಹಲಗೆಯ ಮೇಲೆ ಬಾಳೆ ಬರೆದು, ಕಾಂಡದಂತೆ ಕಾಣುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡವೆಂದೂ, ಒಂದು ಗೊನೆ ಬಿಟ್ಟ ಮೇಲೆ ಅದು ಮುಗಿಯಿತೆಂದೂ, ಬುಡದಲ್ಲಿ ಎದ್ದ ಕಂದು ಮುಂದಿನ ಫಸಲಿಗೆ ಬೆಳೆಯುತ್ತದೆಂದೂ, ಕಡಿದ ಬಾಳೆಯ ದಿಂಡನ್ನು ನಮ್ಮ ಮನೆಯಲ್ಲಿ ಪಲ್ಯ ಮಾಡುತ್ತಾರೆಂದೂ ಹೇಳಿದೆ. ತಕ್ಷಣ ಬಂದ ಪ್ರಶ್ನೆ, ಆ ಪಲ್ಯಕ್ಕೆ ಯಾವ ಬ್ರಖಾ ಎಂಬುದು. ಅದೂ ಚೀಟಿಯಾಗಿ ಗೋಡೆಗೆ ಹೋಯಿತು.

ಮಂಗಳವಾರ ಎಂಟನೆಯ ವಚನಕ್ಕೆ ಬಂದೆವು. ಅಬ್ರಹಾಮ ಅತಿಥಿಗಳ ಮುಂದೆ ಮೊಸರನ್ನೂ ಹಾಲನ್ನೂ ಬೇಯಿಸಿದ ಕರುವನ್ನೂ ಇಟ್ಟನೆಂದು ಅಲ್ಲಿದೆ. ಓದು ಮುಗಿಯುವ ಮುಂಚೆಯೇ ತರಗತಿ ಎದ್ದು ಕುಳಿತಿತು. ಮಾಂಸವನ್ನೂ ಹಾಲನ್ನೂ ಒಟ್ಟಿಗೆ ತಿನ್ನಬಾರದೆಂಬುದು ಈ ಮಕ್ಕಳಿಗೆ ಮಾತು ಕಲಿಯುವ ಮೊದಲೇ ತಿಳಿದ ನಿಯಮ. ಮನೆಗಳಲ್ಲಿ ಎರಡಕ್ಕೂ ಬೇರೆ ಪಾತ್ರೆ, ಬೇರೆ ತಟ್ಟೆ, ಹಲವೆಡೆ ಬೇರೆ ಸಿಂಕ್. ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ಆಹಾರ ಕೋಷರ್, ಎಂದರೆ ಧರ್ಮದ ನಿಯಮಕ್ಕೆ ಒಪ್ಪುವಂಥದ್ದು, ಎಂದು ಸೂಚಿಸುವ ವೃತ್ತದೊಳಗಿನ ಯು ಅಕ್ಷರವನ್ನೂ, ಪಕ್ಕದಲ್ಲಿ ಹಾಲಿನ ಪದಾರ್ಥವನ್ನು ಸೂಚಿಸುವ ಡಿ ಅಕ್ಷರವನ್ನೂ ಓದಿಯೇ ಬಾಯಿಗೆ ಹಾಕುವ ಅಭ್ಯಾಸ. ಶಾಲೆಯ ಮಧ್ಯಾಹ್ನದ ಊಟವೂ ಹಾಲಿನದ್ದೇ, ಮಾಂಸ ಒಳಗೆ ಬರುವುದಿಲ್ಲ. ನನ್ನ ಚಿತ್ರಾನ್ನದ ಡಬ್ಬಿಗೂ ತರಗತಿಯಲ್ಲಿ ಪ್ರವೇಶವಿಲ್ಲ. ಅದು ಶುದ್ಧ ಸಸ್ಯಾಹಾರವೇ ಆದರೂ ಬೇಯಿಸಿದ ಅಡುಗೆಮನೆ ಕೋಷರ್ ಅಲ್ಲ. ಹಣ್ಣು ಮತ್ತು ಮುದ್ರೆಯಿರುವ ಮೊಸರಿನಲ್ಲಿ ನನ್ನ ಮಧ್ಯಾಹ್ನ ಕಳೆಯುತ್ತದೆ.

ಇಂಥ ಮಕ್ಕಳ ಮುಂದೆ, ಅವರು ‘ನಮ್ಮ ತಂದೆ’ ಎಂದೇ ಕರೆಯುವ ಅಬ್ರಹಾಮ ಹಾಲು ಮತ್ತು ಮಾಂಸವನ್ನು ಬಡಿಸುತ್ತಿದ್ದಾನೆ. “ಮೋರಾ, ಅವರಿಗೆ ಗೊತ್ತಿರಲಿಲ್ಲವೇ?” ಎಂದು ಒಬ್ಬಳು ಕೇಳಿದ ಧ್ವನಿಯಲ್ಲಿ ನಿಜವಾದ ಆತಂಕವಿತ್ತು. ಮೋರಾ ಆತಂಕವನ್ನು ಕಳೆಯಲು ಅವಸರ ಮಾಡಲಿಲ್ಲ. ಜೋಡಿಗಳಿಗೆ ಹತ್ತು ನಿಮಿಷ ಬಿಟ್ಟರು. ಒಂದು ಜೋಡಿ, ನಿಯಮ ಬಂದದ್ದು ಮೋಶೆಯ ಕಾಲದಲ್ಲಿ, ಅಬ್ರಹಾಮ ಅದಕ್ಕಿಂತ ಎಷ್ಟೋ ಮುಂಚಿನವನು ಎಂದಿತು. ಇನ್ನೊಂದು ಜೋಡಿ ಪದಗಳ ಕ್ರಮವನ್ನು ತೋರಿಸಿತು: ಮೊಸರು, ಹಾಲು ಮೊದಲು, ಕರು ಕೊನೆಗೆ, ಹಾಲಿನದನ್ನು ತಿಂದು ಬಾಯಿ ತೊಳೆದು ಆಮೇಲೆ ಮಾಂಸ ತಿನ್ನಬಹುದು, ಕರು ಬೇಯಲು ಹೇಗೂ ಹೊತ್ತು ಹಿಡಿಯುತ್ತದೆ. ಈ ಎರಡು ಉತ್ತರಗಳನ್ನೂ ನೂರಾರು ವರ್ಷಗಳ ಹಿಂದಿನ ವ್ಯಾಖ್ಯಾನಕಾರರು ಕೊಟ್ಟಿದ್ದಾರೆಂದು ಮೋರಾ ಹೇಳಿದಾಗ ಆ ನಾಲ್ವರ ಮುಖ ನೋಡಬೇಕಿತ್ತು. ಯಾವುದು ಸರಿ ಎಂದು ಮಾತ್ರ ಅವರು ಹೇಳಲಿಲ್ಲ. ಎರಡನ್ನೂ ಹಲಗೆಯ ಮೇಲೆ ಬರೆದು, ಅಳಿಸಬೇಡಿ ಎಂದು ಮೂಲೆಯಲ್ಲಿ ಗುರುತು ಹಾಕಿದರು.

ಮಧ್ಯಾಹ್ನ ಗಣಿತದ ಪಾಠಕ್ಕೆ ನಾನು ಆರನೆಯ ವಚನವನ್ನೇ ಎತ್ತಿಕೊಂಡೆ. ಅಬ್ರಹಾಮ ಅತಿಥಿಗಳಿಗೆ ಹೇಳಿದ್ದು ಒಂದು ತುಂಡು ರೊಟ್ಟಿ ತರುತ್ತೇನೆಂದು. ಸಾರಾಳಿಗೆ ಹೇಳಿದ್ದು ಮೂರು ಸೆಆ ಹಿಟ್ಟು ಕಲಸೆಂದು. ಸೆಆ ಪ್ರಾಚೀನ ಅಳತೆ: ಒಂದು ಸೆಆ ಎಂದರೆ ಆರು ಕವ್, ಒಂದು ಕವ್‌ಗೆ ನಾಲ್ಕು ಲೋಗ್, ಒಂದು ಲೋಗ್ ಎಂದರೆ ಆರು ಮೊಟ್ಟೆಗಳು ಹಿಡಿಸುವ ಜಾಗ. ಗುಣಾಕಾರ ಕಲಿಯುತ್ತಿರುವ ತರಗತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದು. ಆರು ನಾಲ್ಕಲೆ 24, ಅದನ್ನು ಆರರಿಂದ ಗುಣಿಸಿದರೆ 144, ಮೂರು ಸೆಆಗೆ 432 ಮೊಟ್ಟೆಗಳಷ್ಟು ಹಿಟ್ಟು. ಮೂವರಿಗೆ! ಲೀಟರಿನಲ್ಲಿ ಹೇಳಬೇಕಾದರೆ ಅಳತೆಯ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಕಡಿಮೆ ಹಿಡಿದರೂ 20 ಲೀಟರಿಗೆ ಮೇಲಾಗುತ್ತದೆ. ನೀರಿನ ಒಂದು ಲೀಟರ್ ಬಾಟಲಿಯನ್ನು ಮೇಜಿನ ಮೇಲೆ ಇಟ್ಟು, ಇಂಥವು ಇಪ್ಪತ್ತಕ್ಕೂ ಹೆಚ್ಚು ಎಂದಾಗ ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಫ್ರಾನ್ಸಿನ ತ್ರುವಾ ಪಟ್ಟಣದಲ್ಲಿ 11ನೇ ಶತಮಾನದಲ್ಲಿದ್ದ ರಾಶಿ ಎಂಬ ಮಹಾ ವ್ಯಾಖ್ಯಾನಕಾರರು ಕರುವಿನ ವಿಷಯದಲ್ಲಿಯೂ ಇಂಥದೇ ಲೆಕ್ಕ ಕೊಡುತ್ತಾರೆ: ಒಂದಲ್ಲ, ಮೂರು ಕರು, ಪ್ರತಿಯೊಬ್ಬ ಅತಿಥಿಗೂ ಸಾಸಿವೆ ಹಚ್ಚಿದ ಒಂದೊಂದು ಪೂರ್ಣ ನಾಲಿಗೆ ಬಡಿಸುವುದಕ್ಕೆ. ಮಕ್ಕಳು ಬಾಯಿ ಚಪ್ಪರಿಸಿದರು. ನಾನು ಸಾಸಿವೆಯನ್ನಷ್ಟೇ ಮನಸ್ಸಿಗೆ ತಂದುಕೊಂಡೆ. ಸಜ್ಜನರು ಆಡುವುದು ಸ್ವಲ್ಪ, ಮಾಡುವುದು ಬಹಳ ಎಂದು ಯಹೂದಿ ಧರ್ಮಶಾಸ್ತ್ರದ ಪ್ರಾಚೀನ ಗ್ರಂಥವಾದ ತಾಲ್ಮೂದ್ ಈ ಪ್ರಸಂಗದಿಂದಲೇ ತೆಗೆಯುತ್ತದೆ. ಆಡದೆ ಮಾಡುವವರಿಗೆ ನಮ್ಮ ಕಡೆಯೂ ಮೊದಲ ಸ್ಥಾನವೇ.

ಬುಧವಾರದ ಬಹುಪಾಲು ಇಂಗ್ಲಿಷ್ ಪರೀಕ್ಷೆಯಲ್ಲಿ ಹೋಯಿತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಮಧ್ಯಾಹ್ನ ಮೂರರ ಮೇಲೆ ಈ ಮಕ್ಕಳು ಬಾಡಿಹೋಗಿರುತ್ತಾರೆ, ನನ್ನ ವಿಷಯಗಳ ಪಾಲಿಗೆ ಬರುವುದು ಅದೇ ಹೊತ್ತು ಎಂಬ ಕೊರಗು ನನಗೆ ಇದ್ದೇ ಇದೆ. ಆದರೆ ಆ ದಿನ ಒಬ್ಬ ಹುಡುಗನ ಪ್ರಾರ್ಥನಾ ಪುಸ್ತಕದ ಹಾಳೆ ಹರಿಯಿತು. ದೇವರ ಹೆಸರಿರುವ ಹಾಳೆಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಅದಕ್ಕೆಂದೇ ತರಗತಿಯ ಮೂಲೆಯಲ್ಲಿ ಒಂದು ಪೆಟ್ಟಿಗೆಯಿದೆ. ತುಂಬಿದ ಮೇಲೆ ಅದನ್ನು ಭೂಮಿಯಲ್ಲಿ ಹೂಳುತ್ತಾರೆ. ಹೂಳುವವರೆಗೆ ಕೂಡಿಡುವ ಇಂಥ ಜಾಗಕ್ಕೆ ಗೆನಿಜಾ ಎಂದು ಹೆಸರು. ಸಮಾಜ ಪಾಠದ ಹೊತ್ತಿಗೆ ನಾನು ನಕಾಶೆಯನ್ನು ಇಳಿಬಿಟ್ಟು ಕೈರೋ ತೋರಿಸಿದೆ. ಅಲ್ಲಿನ ಹಳೆಯ ಭಾಗವಾದ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾದಲ್ಲಿ ಹೂಳದೆ ಉಳಿದ ಕಾಗದಗಳ ರಾಶಿಯನ್ನು 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯಲ್ಲಿ ಅಬ್ರಹಾಮ್ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿವೆ. ಇಂದಿನ ಟುನೀಶಿಯಾದ ಕಡೆಯಿಂದ ಬಂದ ಆತ 12ನೇ ಶತಮಾನದಲ್ಲಿ ವರ್ಷಗಟ್ಟಲೆ ವಾಸವಾಗಿದ್ದದ್ದು ಮಂಗಳೂರಿನಲ್ಲಿ. ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಕಬ್ಬಿಣ, ಮೆಣಸು, ಅಡಿಕೆಯನ್ನು ಏಡನ್ನಿಗೆ ಕಳುಹಿಸಿದ. ಏಡನ್ನಿನ ಗೆಳೆಯರು ಆತನಿಗೆ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳುಹಿಸಿದರು. ಅಡಿಕೆ ತೋಟದಲ್ಲಿ ಬೆಳೆದ ನಾನು, ನನ್ನ ಊರಿನ ಬಂದರಿನ ವಿಷಯವನ್ನು ಇವರ ತರಗತಿಯ ಮೂಲೆಯ ಪೆಟ್ಟಿಗೆಯಿಂದ ಎತ್ತಿ ಹೇಳುತ್ತಿದ್ದೇನೆಂಬುದು ನನಗೇ ಸೋಜಿಗವೆನಿಸಿತು. ಆತ 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ, ಅವಳನ್ನೇ ಆತ ಮದುವೆಯಾದನೆಂದು ವಿದ್ವಾಂಸರು ಹೇಳುತ್ತಾರೆ. ಆ ಭಾಗವನ್ನು ಎಂಟು ವರ್ಷದವರ ಮುಂದೆ ತೆಗೆಯಲಿಲ್ಲ. ಮಕ್ಕಳಿಗೆ ಬೇಕಾಗಿದ್ದದ್ದು ಬೇರೆಯೇ: ಮಂಗಳೂರಿನಲ್ಲಿ ಆತನಿಗೆ ಕೋಷರ್ ಊಟ ಎಲ್ಲಿ ಸಿಗುತ್ತಿತ್ತು, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿ ದಿನವಾದ ಶಬ್ಬಾತ್‌ನಂದು ಆತ ಯಾರ ಮನೆಗೆ ಹೋಗುತ್ತಿದ್ದ? ಎರಡು ಚೀಟಿಗಳು.

ಗುರುವಾರದ ಕೆಲಸ ಗುಡಾರ ಕಟ್ಟುವುದು. ಯಾವ ದಿಕ್ಕಿನಿಂದ ಬಂದವರಿಗೂ ಸುತ್ತು ಹಾಕುವ ಕಷ್ಟವಾಗದಿರಲೆಂದು ಅಬ್ರಹಾಮನ ಗುಡಾರ ನಾಲ್ಕೂ ಕಡೆ ತೆರೆದಿತ್ತೆಂದು ಪರಂಪರೆಯ ಕಥೆ ಹೇಳುತ್ತದೆ. ದಪ್ಪ ಕಾಗದ, ಐಸ್‌ಕ್ರೀಮ್ ಕಡ್ಡಿ, ಅಂಟು ಹಿಡಿದು ಮಕ್ಕಳು ನಾಲ್ಕು ಬಾಗಿಲಿನ ಗುಡಾರಗಳನ್ನು ಮಾಡುತ್ತಿದ್ದರು. ಅದೇ ಬೆಳಿಗ್ಗೆ ತರಗತಿಯ ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಗೋಡೆಗೆ ಒತ್ತಿಕೊಂಡು ಸದ್ದಿಲ್ಲದೆ ಕೂರುವ ಸುರಕ್ಷತಾ ಅಭ್ಯಾಸವೂ ಆಗಿತ್ತು. ನಮ್ಮ ಶಾಲೆಗೆ ಒಳಬರುವ ದಾರಿ ಒಂದೇ. ಅಲ್ಲಿ ಶಸ್ತ್ರಧಾರಿ ಕಾವಲುಗಾರ, ಒಂದರ ಹಿಂದೊಂದು ಎರಡು ಬಾಗಿಲು, ಕೊರಳಲ್ಲಿ ಗುರುತಿನ ಚೀಟಿಯಿಲ್ಲದೆ ನನಗೂ ಪ್ರವೇಶವಿಲ್ಲ. ಪಿಟ್ಸ್‌ಬರ್ಗ್ ನಗರದ ಟ್ರೀ ಆಫ್ ಲೈಫ್ ಸಿನಗಾಗ್‌ನಲ್ಲಿ ಬಂದೂಕುಧಾರಿಯೊಬ್ಬ ಹನ್ನೊಂದು ಜನರನ್ನು ಕೊಂದದ್ದು 2018ರ ಅಕ್ಟೋಬರ್ 27ರ ಶಬ್ಬಾತ್‌ನಂದು. ಆ ಶಬ್ಬಾತ್‌ಗೆ ನಿಗದಿಯಾಗಿದ್ದ ಪರಶಾ ಇದೇ ವಯೇರಾ, ಅತಿಥಿಗಳಿಗೆ ಬಾಗಿಲು ತೆರೆದ ಈ ಕಥೆ. ಮಕ್ಕಳ ಮುಂದೆ ಯಾರೂ ಅದನ್ನು ಎತ್ತುವುದಿಲ್ಲವಾದರೂ, ವಯೇರಾ ಬಂದಾಗ ಶಿಕ್ಷಕರ ಕೋಣೆಯಲ್ಲಿ ಆ ಮಾತು ಬರದೆ ಇರುವುದಿಲ್ಲ.

ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಯೂ ಇರಲಿಲ್ಲ. ಅಂಟು ಒಣಗಲೆಂದು ಗುಡಾರವನ್ನು ಹಿಡಿದುಕೊಂಡಿದ್ದ ಹುಡುಗಿಯೊಬ್ಬಳು, “ಅಬ್ರಹಾಮನ ಮನೆಗೆ ನಾಲ್ಕು ಬಾಗಿಲು, ಬೀಗವಿಲ್ಲ. ನಮಗೆ ಒಂದೇ ಬಾಗಿಲು, ಅದಕ್ಕೂ ಬೀಗ. ಹಾಗಾದರೆ ನಾವು ತಪ್ಪು ಮಾಡುತ್ತಿದ್ದೇವೆಯೇ, ಮೋರಾ?” ಎಂದು ಕೇಳಿದಳು. ಮೋರಾ ತುಸು ಹೊತ್ತು ಸುಮ್ಮನಿದ್ದು, ಒಳಗಿರುವವರನ್ನು ಕಾಪಾಡುವುದೂ ಮನೆಯವರ ಕರ್ತವ್ಯವೇ ಎಂದರು. ಆಮೇಲೆ, ನಮ್ಮ ಬಾಗಿಲಲ್ಲಿ ದಿನವಿಡೀ ನಿಂತಿರುವವರ ಹೆಸರು ಎಷ್ಟು ಜನರಿಗೆ ಗೊತ್ತು ಎಂದು ತಿರುಗಿ ಕೇಳಿದರು. ಎದ್ದ ಕೈಗಳು ಕೆಲವೇ. ಆ ಮಧ್ಯಾಹ್ನ ಮಕ್ಕಳ ತಂಡವೊಂದು ಹೋಗಿ ಕಾವಲುಗಾರರ ಹೆಸರು ಕೇಳಿಕೊಂಡು, ಬಿಸಿ ಕೋಕೋ ಮತ್ತು ಒಂದು ಗುಡಾರವನ್ನು ಕೊಟ್ಟು ಬಂದಿತು. ಅತಿಥಿ ಸತ್ಕಾರದ ಪಾಠವನ್ನು ಅಂದೇ ಕೈಯಾರೆ ಮಾಡಿಸಿದ್ದು ಒಳ್ಳೆಯದೇ. ಆದರೂ ಹುಡುಗಿಯ ಪ್ರಶ್ನೆಗೆ ಅದು ಪೂರ್ಣ ಉತ್ತರವಲ್ಲ. ಮೋರಾ ಹಾಗೆಂದು ತೋರಿಸಿಕೊಳ್ಳಲೂ ಇಲ್ಲ. ಆ ಚೀಟಿಯನ್ನು ಅವರೇ ತಮ್ಮ ಕೈಯಿಂದ ಗೋಡೆಗೆ ಅಂಟಿಸಿದರು.

ಶುಕ್ರವಾರ ಅರ್ಧ ದಿನ. ಶಬ್ಬಾತ್‌ನ ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ನವೆಂಬರ್ ಆರಂಭದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಇಲ್ಲಿ ನಾಲ್ಕೂವರೆಯ ಹೊತ್ತಿಗೇ ಮನೆಗಳಲ್ಲಿ ದೀಪ ಹಚ್ಚಿ ಆಗಿರಬೇಕು. ಬೆಳಿಗ್ಗೆ ದಾನದ ಡಬ್ಬಿಯಲ್ಲಿ ನಾಣ್ಯಗಳ ಸದ್ದು, ಪರಶಾದ ಮೇಲೆ ರಸಪ್ರಶ್ನೆ, ಹಾಡು, ಹೆಣೆದ ಹಲ್ಲಾ ರೊಟ್ಟಿಯ ತುಂಡು, ದ್ರಾಕ್ಷಿ ರಸ. ಹೊರಡುವಾಗ ಪ್ರತಿ ಮಗುವಿನ ಚೀಲದಲ್ಲಿ ಒಂದು ಹಾಳೆ ಹೋಗುತ್ತದೆ. ಉಳಿದ ದಿನಗಳ ಮನೆಕೆಲಸದಂತೆ ಇದರಲ್ಲಿ ಬರೆಯುವುದೇನೂ ಇರುವುದಿಲ್ಲ, ಶಬ್ಬಾತ್‌ನಲ್ಲಿ ಬರೆಯುವಂತೆಯೂ ಇಲ್ಲ. ಗೋಡೆಯ ಚೀಟಿಗಳಿಂದ ಆರಿಸಿದ ಕೆಲವು ಪ್ರಶ್ನೆಗಳಷ್ಟೇ ಅದರಲ್ಲಿರುತ್ತವೆ. ಊಟದ ಮೇಜಿನ ಸುತ್ತ ಕುಳಿತ ದೊಡ್ಡವರನ್ನು ಮಗು ಕೇಳಬೇಕು. ಪರೀಕ್ಷೆಗೆ ಒಳಗಾಗುವವರು ಮನೆಯವರು. ನಾನು ಶಾಲೆಗಳಲ್ಲಿ ಕಂಡ ಮನೆಕೆಲಸಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ಇದು.

ಸೋಮವಾರ ಉತ್ತರಗಳು ಬಂದವು. ಬಾಳೆದಿಂಡಿನ ಪಲ್ಯದ ಬಗ್ಗೆ ಮೂರು ಮನೆಗಳಲ್ಲಿ ಚರ್ಚೆ ನಡೆದು, ನೆಲದ ಬೆಳೆಯ ಬ್ರಖಾ ಎಂಬುದಕ್ಕೆ ಬಹುಮತ ಬಿದ್ದಿತ್ತು. ಬೀಗದ ಪ್ರಶ್ನೆಗೆ ಒಂದೊಂದು ಮನೆಯಿಂದ ಒಂದೊಂದು ಮಾತು. ನನ್ನ ಪಕ್ಕದ ಹುಡುಗ ಮಾತ್ರ ಹಾಲು ಮತ್ತು ಮಾಂಸದ ಪ್ರಶ್ನೆಗೆ ತಾತನಿಂದ ಮೂರನೆಯ ಉತ್ತರವನ್ನೇ ತಂದಿದ್ದ. ಸಿನೈ ಬೆಟ್ಟದಲ್ಲಿ ತೋರಾವನ್ನು ಮನುಷ್ಯರಿಗೆ ಕೊಡುವಾಗ ದೇವದೂತರು, ನಮಗೇ ಕೊಡಬಾರದೇ ಎಂದು ತಕರಾರು ಮಾಡಿದರಂತೆ. ಅಬ್ರಹಾಮನ ಮನೆಗೆ ಅತಿಥಿಗಳಾಗಿ ಹೋದ ನೀವು ಹಾಲನ್ನೂ ಮಾಂಸವನ್ನೂ ಒಟ್ಟಿಗೆ ತಿಂದು ಬಂದವರಲ್ಲವೇ, ಇವರಲ್ಲಿ ಶಾಲೆಯಿಂದ ಮನೆಗೆ ಬಂದ ಚಿಕ್ಕ ಮಗುವಿನ ಮುಂದೆ ಮಾಂಸ ಮತ್ತು ಚೀಸ್ ಇಟ್ಟರೆ, ಬೇಡ, ಇವತ್ತು ನಮ್ಮ ಗುರುಗಳು ಹೇಳಿಕೊಟ್ಟಿದ್ದಾರೆ ಎನ್ನುತ್ತದೆ ಎಂದು ದೇವರು ಅವರ ಬಾಯಿ ಮುಚ್ಚಿಸಿದನಂತೆ. ಇದು ಧರ್ಮಗ್ರಂಥವನ್ನು ವಿವರಿಸುವ ಹಳೆಯ ಕಥೆಗಳ ಸಂಗ್ರಹವಾದ ಮಿದ್ರಾಶ್‌ನಲ್ಲಿಯೇ ಇರುವ ಕಥೆ. ಅದರಲ್ಲಿ ತಮ್ಮಂಥ ಶಾಲೆಯ ಮಗುವೊಂದು ದೇವದೂತರನ್ನು ಸೋಲಿಸಿದ್ದು ತರಗತಿಗೆ ಅತ್ಯಂತ ಹಿಡಿಸಿತು. ಆ ಮಗು ಎಷ್ಟನೆಯ ತರಗತಿಯಲ್ಲಿತ್ತು ಎಂದು ಕೇಳಿದವರೂ ಇದ್ದರು. ಮೋರಾ ಹಿಂದಿನ ವಾರದ ಎರಡು ಉತ್ತರಗಳ ಕೆಳಗೆ ಇದನ್ನೂ ಬರೆಸಿ, ಒಂಬತ್ತನೆಯ ವಚನಕ್ಕೆ ಪುಸ್ತಕ ತೆರೆಯಿರಿ ಎಂದರು.